ಪದ ಬೇಕು: ಬಾಡಿ ಕಿಟ್, ಸ್ಪಾಯ್ಲರ್, ಡೌನ್‌ಫೋರ್ಸ್

ಗೆಳೆಯರೇ,
ಕಾರಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ಬಾಡಿ ಕಿಟ್, ಅಂದರೆ ಕಾರಿನ ಹೊರಮೈಗೆ ಕೂರಿಸುವ ಬಿಡಿಭಾಗಗಳನ್ನು ಹಾಕಿದರೆ ಓಟ ಸುಧಾರಿಸುತ್ತದೋ, ಬರೀ ಅಂದಕ್ಕೋ ಅನ್ನುವುದು ವಿಷಯ. ಬಾಡಿ ಕಿಟ್‌ಗೆ ‘ಅಲಂಕಾರ ಸಾಮಗ್ರಿ’, ಗಾಳಿಯ ಹರಿವು ಬದಲಿಸಲು ಕಾರಿನ ಹಿಂದೆ ಕೂರಿಸುವ ಸ್ಪಾಯ್ಲರ್‌ಗೆ ‘ಗಾಳಿಗೆಡುಕ’, ಓಡುವ ಕಾರನ್ನು ನೆಲಕ್ಕೆ ಅದುಮುವ ಡೌನ್‌ಫೋರ್ಸ್‌ಗೆ ‘ಕೆಳ ಒತ್ತಡ’ ಅಂತ ಬರೆದಿದ್ದೇನೆ. ಸರಿಯಾ?

ಮರು: ಪದ ಬೇಕು
ಮೂರೂ ಬೇಡ.

‘ಅಲಂಕಾರ’ ಅಂದುಬಿಟ್ಟರೆ ಲೇಖನದ ಪ್ರಶ್ನೆಗೆ ಪದವೇ ತೀರ್ಪು ಕೊಟ್ಟಂತಾಯಿತು. ಆ ತೀರ್ಪು ತಪ್ಪು. 1972ರಲ್ಲಿ ಬಂದ ಪೋರ್ಷೆ 911 ಕರೆರಾ ಆರ್‌ಎಸ್ 2.7 ಕಾರಿನ ಹಿಂದೆ ಮೇಲಕ್ಕೆ ಬಾಗಿದ ಒಂದು ಅಂಚು ಇದೆ. ಜೋರಾಗಿ ಓಡುವಾಗ ಕಾರಿನ ಹಿಂಭಾಗ ಮೇಲೇಳದಂತೆ ಅದು ತಡೆಯುತ್ತದೆ. ಆಡಿ ಟಿಟಿ ಮೊದಲು ಬಂದಾಗ ಹಿಂದೆ ಏನೂ ಇರಲಿಲ್ಲ. ವೇಗದಲ್ಲಿ ಅಪಘಾತಗಳಾದ ಮೇಲೆ ಕಂಪನಿಯೇ ಸ್ಪಾಯ್ಲರ್ ಕೂರಿಸಿಕೊಟ್ಟಿತು. ಲ್ಯಾಂಬೋರ್ಗಿನಿ ಕೌಂಟಾಶ್‌ನ ದೊಡ್ಡ ರೆಕ್ಕೆಯ ಕಥೆ ಬೇರೆ. ಅದು ನೋಟಕ್ಕೇ ಜಾಸ್ತಿ, ವೇಗವನ್ನು ತಗ್ಗಿಸುತ್ತಿತ್ತು. ಹಾಗಾಗಿ ‘ಮೈತೊಡಿಗೆ’ ಅನ್ನಿ. ಯಾವ ಕಡೆಗೂ ವಾಲುವುದಿಲ್ಲ.

ಗಾಳಿ ಕೆಡಿಸುವುದು ಅಂದರೆ ನಮಗೆ ಹೊಗೆ ಬಿಡುವುದು. ಸ್ಪಾಯ್ಲರ್ ಕೆಡಿಸುವುದು ಗಾಳಿಯನ್ನಲ್ಲ, ಅದರ ಹರಿವನ್ನು. ಜರ್ಮನ್ನರು ಆ ಪೋರ್ಷೆಯ ಅಂಚನ್ನು ಬಾತುಕೋಳಿಯ ಹಿಂಭಾಗಕ್ಕೆ ಹೋಲಿಸಿ ಕರೆದರು. ನಮಗೂ ‘ಬಾಲರೆಕ್ಕೆ’ ಇರಲಿ.

ಒತ್ತಡ ಈಗಾಗಲೇ ಪ್ರೆಶರ್‌ಗೆ ಹೋಗಿದೆ. ಇಲ್ಲಿ ಬೇಕಿರುವುದು ಬಲ. ‘ಅದುಮುಬಲ’ ಹಾಕಿ. ವೇಗ ನಾಲ್ಕು ಪಟ್ಟಾದರೆ ಈ ಬಲ 16 ಪಟ್ಟು. 40 ಕಿ.ಮೀ. ವೇಗದಲ್ಲಿ ಇದ್ದೂ ಇಲ್ಲದ ಹಾಗೆ, 160ರಲ್ಲಿ ಗಟ್ಟಿಯಾಗಿ ಅದುಮುತ್ತದೆ. ಈ ಮಾತನ್ನು ಅನುವಾದದಲ್ಲಿ ಬಿಡಬೇಡಿ.

ಮರು: ಮರು: ಪದ ಬೇಕು
‘ಅದುಮುಬಲ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅದನ್ನು ಬಿರುದಾವಳಿಗೆ ಒಪ್ಪಿದ್ದು, ಕಾರಿಗಲ್ಲ. ‘ಅದುಮು’ ಒಂದೇ ಸಾಕು. ಇನ್ನು ಬಾಲರೆಕ್ಕೆ ಎಂದರೆ ವಿಮಾನದ್ದು ಅಂದುಕೊಳ್ಳುತ್ತಾರೆ. ಬೆಂಗಳೂರಿನ ಜೆ.ಸಿ. ರೋಡಿನ ಯಾವ ಬಿಡಿಭಾಗದ ಅಂಗಡಿಗೆ ಹೋದರೂ ‘ಸ್ಪಾಯ್ಲರ್’ ಅಂತಲೇ ಕೇಳುತ್ತಾರೆ. ಕಾರು, ಬಸ್ಸು, ಟೈರು ನಮ್ಮವಾಗಿವೆ. ಇದೊಂದಕ್ಕೆ ಯಾಕೆ ಹಟ?

ಮರು: ಮರು: ಮರು: ಪದ ಬೇಕು
ಅರಿಸಮಾಸವೇ ಅಲ್ಲ. ಬಲ್ಮೆ, ಬಲ್ಲಿದ ಇವುಗಳಲ್ಲಿರುವ, ಶಕ್ತಿ ಎಂಬರ್ಥದ ‘ಬಲ್’ ನಮ್ಮದೇ. ತಮಿಳಿನ ‘ವಲ್’ ನೋಡಿ. ಸಂಸ್ಕೃತದ ಬಲವೇ ದ್ರಾವಿಡದಿಂದ ಹೋದದ್ದು ಅಂತ ಭಾಷಾವಿಜ್ಞಾನಿ ಟಿ. ಬರೋ ಹೇಳಿದ್ದಾರೆ. ಕೊಟ್ಟ ಸಾಲವನ್ನು ವಾಪಸ್ ತಂದರೆ ತಪ್ಪೇನು? ಮತ್ತೆ, ಅಂಗಡಿಯಲ್ಲಿ ಕೇಳುವುದನ್ನೇ ಬರೆಯುವುದಾದರೆ ಪದ ಹುಡುಕುವ ಈ ಚರ್ಚಾಪಟ್ಟಿ ಯಾಕೆ ಬೇಕು?

ಮರು: ಮರು: ಮರು: ಮರು: ಪದ ಬೇಕು
ಇಬ್ಬರಿಗೂ ಧನ್ಯವಾದ. ಮೈತೊಡಿಗೆ, ಅದುಮುಬಲ ತಗೊಂಡೆ. ಸ್ಪಾಯ್ಲರ್ ಹಾಗೇ ಬಿಟ್ಟಿದ್ದೇನೆ. 16 ಪಟ್ಟಿನ ಮಾತನ್ನೂ ಸೇರಿಸಿದೆ.