ಒಂಬತ್ತು ದಿನ ಭೂಮಿ ಅಲುಗುತ್ತಲೇ ಇತ್ತು ಅಂತಾರೆ, ನಿಜಾನಾ?

ಕುತೂಹಲಿ:
2023ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಲ್ಯಾಂಡ್‌ನ ಯಾವುದೋ ಮೂಲೆಯಲ್ಲಿ ಬೆಟ್ಟ ಕುಸಿಯಿತಂತೆ. ಅದರಿಂದ ಇಡೀ ಭೂಮಿ ಒಂಬತ್ತು ದಿನ ಅಲುಗಿತಂತೆ. ದೊಡ್ಡ ಭೂಕಂಪದ ನಡುಕವೇ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ, ಅಲ್ವಾ? ಒಂದು ಬೆಟ್ಟ ಬಿದ್ದಿದ್ದಕ್ಕೆ ಒಂಬತ್ತು ದಿನವೇ? ಸುಮ್ನೆ ಉತ್ಪ್ರೇಕ್ಷೆ ಅನ್ನಿಸುತ್ತಿದೆ. ತಿಳಿದವರು ಹೇಳಿ.

ಗೆರೆ ನೋಡುವವ:
ನಿಜ. ಆದರೆ 'ಅಲುಗಿತು' ಅನ್ನುವುದಕ್ಕೆ ಹೆದರಬೇಡಿ, ಯಾರ ಕಾಲಿಗೂ ಗೊತ್ತಾಗುವಂಥದ್ದಲ್ಲ. ನೆಲದ ಕಂಪನ ಅಳೆಯುವ ಸೀಸ್ಮೋಮೀಟರ್‌ಗಳಿಗೆ ಮಾತ್ರ ಗೊತ್ತಾಯಿತು.

ಆ ಯಂತ್ರಗಳು ಬರೆಯುವ ಗೆರೆಗಳನ್ನು ನೋಡುವುದೇ ಹನ್ನೊಂದು ವರ್ಷ ನನ್ನ ಕೆಲಸವಾಗಿತ್ತು. ಭೂಕಂಪದ ಗೆರೆ ಮೊದಲು ಸಣ್ಣಗೆ ನಡುಗುತ್ತದೆ, ಆಮೇಲೆ ರಪ್ಪನೆ ಏರುತ್ತದೆ, ಕೊನೆಗೆ ಕೆದರಿದ ಕೂದಲಿನ ಹಾಗೆ ಹರಡಿಕೊಂಡು ಅಡಗುತ್ತದೆ. ಅದರಲ್ಲಿ ನೂರೆಂಟು ಬಗೆಯ ಅಲೆಗಳು ಕಲಸಿಹೋಗಿರುತ್ತವೆ. ಇದು ಹಾಗಿರಲಿಲ್ಲ. 92 ಸೆಕೆಂಡಿಗೆ ಒಂದು ಏರಿಳಿತ. ಮತ್ತೆ 92. ಮತ್ತೆ 92. ಒಂದೇ ತಂತಿಯನ್ನು ಮೀಟಿ ಬಿಟ್ಟ ಹಾಗೆ, ನಿಧಾನಕ್ಕೆ ಕ್ಷೀಣಿಸುತ್ತಾ.

ಇಂಥ ಒಂದೇ ಶ್ರುತಿಯ ಗೆರೆ ಕಂಡರೆ ನಮ್ಮಂಥವರಿಗೆ ಮೊದಲು ಅನುಮಾನ ಬರುವುದು ಯಂತ್ರದ ಮೇಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಹೀಗೇ ಒಂದು ಗೆರೆ ಕಂಡು, ಏನೋ ಹೊಸದು ಸಿಕ್ಕಿತು ಅಂತ ರಾತ್ರಿ ಹಿರಿಯರನ್ನು ಎಬ್ಬಿಸಿದ್ದೆ. ಅವರು ಒಂದು ನಿಮಿಷ ನೋಡಿ, "ಹೋಗಿ ಪಂಪ್ ಆಫ್ ಮಾಡಿ ಬಾ" ಅಂದು ಮತ್ತೆ ಮಲಗಿದರು. ಪಕ್ಕದ ಕಟ್ಟಡದ ನೀರಿನ ಪಂಪು!

ಆದರೆ ಈ 92 ಸೆಕೆಂಡಿನ ಗೆರೆ ಆರ್ಕ್ಟಿಕ್‌ನಿಂದ ಅಂಟಾರ್ಕ್ಟಿಕಾ ತನಕ ದಾಖಲಾಗಿತ್ತು. ಯಾವ ಪಂಪೂ ಅಷ್ಟು ದೂರ ಮುಟ್ಟುವುದಿಲ್ಲ. ತಲೆಬುಡ ತಿಳಿಯದ ಸಂಶೋಧಕರು, ಹಾರುವ ತಟ್ಟೆಗಳಿಗೆ ಹೇಳುವ ಹಾಗೆ, ಇದನ್ನು 'ಗುರುತು ಸಿಗದ ಕಂಪನ ವಸ್ತು' ಅಂತ ಕರೆದರು.

ಆಗಿದ್ದು ಇಷ್ಟು. ಸೆಪ್ಟೆಂಬರ್ 16ರಂದು ಪೂರ್ವ ಗ್ರೀನ್‌ಲ್ಯಾಂಡ್‌ನ ಡಿಕ್ಸನ್ ಫ್ಯೋರ್ಡ್‌ಗೆ ಸುಮಾರು 2.5 ಕೋಟಿ ಘನ ಮೀಟರ್ ಕಲ್ಲು ಮತ್ತು ಮಂಜುಗಡ್ಡೆ ಜಾರಿ ಬಿತ್ತು. ಫ್ಯೋರ್ಡ್ ಅಂದರೆ ಎರಡೂ ಕಡೆ ಕಡಿದಾದ ಬೆಟ್ಟಗಳಿರುವ, ಒಳನಾಡಿಗೆ ನುಗ್ಗಿದ ಕಿರಿದಾದ ಸಮುದ್ರ. ನೀರು 200 ಮೀಟರ್ ಎತ್ತರದ ತನಕ ಚಿಮ್ಮಿತು. ಆ ಅಬ್ಬರ ಬೇಗ ಇಳಿಯಿತು. ಉಳಿದಿದ್ದು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ತುಳುಕಾಟ. ಇದಕ್ಕೆ ಸೇಶ್ ಅನ್ನುತ್ತಾರೆ. ನೀರಿನ ಭಾರ ಒಮ್ಮೆ ಈ ಗೋಡೆಯನ್ನು ಒತ್ತುತ್ತದೆ, ಒಮ್ಮೆ ಆ ಗೋಡೆಯನ್ನು. ಆ ಒತ್ತಾಟವೇ ನೆಲದಲ್ಲಿ ಹರಡಿದ್ದು.

ಒಂಬತ್ತು ದಿನ ಯಾಕೆ? ಕಲ್ಲು ಬಿದ್ದಿದ್ದು ಫ್ಯೋರ್ಡ್‌ಗೆ ಅಡ್ಡಲಾಗಿ. ಒಂದು ತುದಿಯಲ್ಲಿ ಹಿಮನದಿ, ಇನ್ನೊಂದು ಕಡೆ ಚೂಪಾದ ತಿರುವು. ತೆರೆದ ಸಮುದ್ರ ಇರುವುದು ಸುಮಾರು 200 ಕಿಲೋಮೀಟರ್ ಆಚೆ. ನೀರಿನ ಶಕ್ತಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಲೆಕ್ಕದ ಮೇಷ್ಟ್ರು:
92 ಸೆಕೆಂಡನ್ನು ಕಾಗದದ ಮೇಲೂ ಪರೀಕ್ಷಿಸಬಹುದು. ಅಲ್ಲಿ ಅಗಲ 2.7 ಕಿಲೋಮೀಟರ್, ಆಳ 540 ಮೀಟರ್. ಅಷ್ಟು ಆಳದಲ್ಲಿ ಉದ್ದ ಅಲೆಯ ವೇಗ ಸೆಕೆಂಡಿಗೆ ಸುಮಾರು 73 ಮೀಟರ್. ಹೋಗಿಬರಲು 5,400 ಮೀಟರ್. ಅಂದರೆ 74 ಸೆಕೆಂಡು. ಕಡಿಮೆ ಬಂತು ಅಂತ ಬೇಸರ ಬೇಡ. ಫ್ಯೋರ್ಡ್‌ನ ತಳ ಪೆಟ್ಟಿಗೆಯ ಹಾಗೆ ಚಪ್ಪಟೆಯಲ್ಲ, ಅಂಚಿನಲ್ಲಿ ಆಳ ಕಡಿಮೆ. ಸರಾಸರಿ 350 ಮೀಟರ್ ಹಿಡಿದರೆ ಸರಿಯಾಗಿ 92 ಬರುತ್ತದೆ. (350 ನಾನು ಹಿಡಿದಿದ್ದು. ಉತ್ತರ ನೋಡಿ ಹಿಡಿದೆ, ಒಪ್ಪಿಕೊಳ್ಳುತ್ತೇನೆ.)

ಅನುಮಾನಿ:
ಇದಕ್ಕೂ ಹವಾಮಾನ ಬದಲಾವಣೆಯೇ ಕಾರಣ ಅಂತ ಹೇಳಿಬಿಡುತ್ತಾರೆ ಈಗ. ಬೆಟ್ಟಗಳು ಮೊದಲೂ ಬೀಳುತ್ತಿರಲಿಲ್ವಾ?

ಗೆರೆ ನೋಡುವವ:
ಬೀಳುತ್ತಿದ್ದವು. 1958ರಲ್ಲಿ ಅಲಾಸ್ಕಾದ ಲಿಟುಯಾ ಕೊಲ್ಲಿಯಲ್ಲಿ ಭೂಕಂಪಕ್ಕೆ ಗುಡ್ಡ ಜಾರಿ, ನೀರು ಎದುರಿನ ಇಳಿಜಾರಿನ ಮೇಲೆ 524 ಮೀಟರ್ ಏರಿತ್ತು. ಅದಕ್ಕೆ ಹವಾಮಾನವನ್ನು ಯಾರೂ ದೂರುವುದಿಲ್ಲ. ಇಲ್ಲಿನ ಕಥೆ ಬೇರೆ. ಆ 1.2 ಕಿಲೋಮೀಟರ್ ಎತ್ತರದ ಬೆಟ್ಟದ ಬುಡಕ್ಕೆ ಹಿಮನದಿಯೊಂದು ಊರೆಗೋಲಿನ ಹಾಗೆ ಒತ್ತಿಕೊಂಡಿತ್ತು. ದಶಕಗಳಿಂದ ಅದು ಕರಗಿ ಹತ್ತಾರು ಮೀಟರ್ ತೆಳುವಾಯಿತು. ಊರೆ ಹೋಯಿತು, ಬೆಟ್ಟ ಬಿತ್ತು. ಅದೇ ವರ್ಷ ಅಕ್ಟೋಬರ್ 11ರಂದು ಅಲ್ಲೇ ಇನ್ನೊಮ್ಮೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. 2017ರಲ್ಲಿ ಪಶ್ಚಿಮ ಗ್ರೀನ್‌ಲ್ಯಾಂಡ್‌ನ ಕರಾಟ್ ಫ್ಯೋರ್ಡ್‌ನಲ್ಲಿ ಇಂಥದ್ದೇ ಅಲೆ ನಾಲ್ವರ ಜೀವ ತೆಗೆದಿತ್ತು.

ಕುತೂಹಲಿ:
ಹಾಗಾದರೆ ಆ ತುಳುಕಾಟವನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ, ಅಥವಾ ಬರೀ ಲೆಕ್ಕಾನಾ?

ಗೆರೆ ನೋಡುವವ:
ಒಳ್ಳೆಯ ಪ್ರಶ್ನೆ. 15 ದೇಶಗಳ 68 ವಿಜ್ಞಾನಿಗಳು ಸೇರಿ 2024ರಲ್ಲಿ ಇದನ್ನು ಬಿಡಿಸಿದಾಗಲೂ ತುಳುಕಾಟವನ್ನು ನೇರವಾಗಿ ಕಂಡವರಿರಲಿಲ್ಲ. ತಮಾಷೆ ಏನು ಗೊತ್ತಾ? ಕುಸಿದ ಮೂರನೇ ದಿನ ಡೆನ್ಮಾರ್ಕ್‌ನ ಸೇನಾ ಹಡಗೊಂದು ಆ ಫ್ಯೋರ್ಡ್‌ಗೇ ಹೋಗಿತ್ತು. ಅವರಿಗೆ ಅಲೆ ಕಾಣಲಿಲ್ಲ! ಏಳು ಮೀಟರ್ ಇದ್ದ ತುಳುಕಾಟ ಆ ಕೆಲವೇ ದಿನಗಳಲ್ಲಿ ಸೆಂಟಿಮೀಟರ್‌ಗಳಿಗೆ ಇಳಿದಿತ್ತು. ಮುಕ್ಕಾಲು ನಿಮಿಷದಲ್ಲಿ ಕೆಲವು ಸೆಂಟಿಮೀಟರ್ ಏರಿ, ಇನ್ನು ಮುಕ್ಕಾಲು ನಿಮಿಷದಲ್ಲಿ ಇಳಿಯುವ ನೀರನ್ನು ಹಡಗಿನ ಮೇಲೆ ನಿಂತವರು ಹೇಗೆ ಗುರುತಿಸಬೇಕು? ಕೊನೆಗೆ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಕ್ಷಿ ಸಿಕ್ಕಿತು. ನೀರಿನ ಮಟ್ಟ ಅಳೆಯುವ ಸ್ವಾಟ್ ಉಪಗ್ರಹದ ಹಳೆಯ ಅಳತೆಗಳಲ್ಲಿ ಒಂದು ದಡದ ನೀರು ಇನ್ನೊಂದಕ್ಕಿಂತ ಎರಡು ಮೀಟರ್‌ವರೆಗೂ ಎತ್ತರ ಇದ್ದಿದ್ದು ಕಂಡಿತು. ಬೇರೆ ಹೊತ್ತಿನಲ್ಲಿ ನೋಡಿದರೆ ವಾಲಿದ್ದು ಉಲ್ಟಾ ಕಡೆಗೆ.

ಕುತೂಹಲಿ:
ಥ್ಯಾಂಕ್ಸ್ ಸರ್. ಈಗಷ್ಟೇ ಟಬ್‌ಗೆ ಗೇಣುದ್ದ ನೀರು ತುಂಬಿ, ಹಲಗೆಯಿಂದ ಒಮ್ಮೆ ತಳ್ಳಿ ಎಣಿಸಿದೆ. ಇಪ್ಪತ್ತು ತುಳುಕಾಟಕ್ಕೆ 21 ಸೆಕೆಂಡು. ಅದಾದ ಮೇಲೆ ಕಣ್ಣಿಗೆ ಕಾಣಲಿಲ್ಲ. ಅಲ್ಲಿ ಒಂಬತ್ತು ದಿನಕ್ಕೆ 8,400 ಸಲಕ್ಕಿಂತ ಜಾಸ್ತಿ ಆಗಿರಬೇಕು. ಮೇಷ್ಟ್ರೇ, ಲೆಕ್ಕ ಸರಿ ಇದೆಯಾ?

ಲೆಕ್ಕದ ಮೇಷ್ಟ್ರು:
8,452. ನೆಲ ಒರೆಸಿದಿರಾ?