ಚೀನೀ ವೈದ್ಯದ ‘ಫೆಂಗ್’: ಗಾಳಿಯೋ ವಾತವೋ?

ಗೆಳೆಯರೇ,

ಬಿಡದೆ ಕಾಡುವ ತುರಿಕೆಯನ್ನು ಚೀನಾದ ಹಳೆಯ ವೈದ್ಯಪದ್ಧತಿ ಹೇಗೆ ನೋಡುತ್ತದೆ ಅನ್ನುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. ಅವರ ಪ್ರಕಾರ ತುರಿಕೆಗೆ ಮುಖ್ಯ ಕಾರಣ ‘ಫೆಂಗ್’. ಬೀದಿಯಲ್ಲಿ ಬೀಸುವ ಗಾಳಿಗೂ ಅವರಲ್ಲಿ ಅದೇ ಪದ. ಬೆಳಿಗ್ಗೆ ತೋಳಿನಲ್ಲಿ ಎದ್ದ ದದ್ದು ಮಧ್ಯಾಹ್ನಕ್ಕೆ ಮಾಯ, ಸಂಜೆಗೆ ಬೆನ್ನಿನಲ್ಲಿ ಹಾಜರು. ನಿಂತಲ್ಲಿ ನಿಲ್ಲದ ಇಂಥದ್ದನ್ನು ಗಾಳಿ ಅಂದರು.

ನನ್ನ ಕೈ ತಾನಾಗಿಯೇ ‘ವಾತ’ ಅಂತ ಬರೆದಿತ್ತು. ಆಮೇಲೆ ಹೊಡೆದುಹಾಕಿದೆ. ಆಯುರ್ವೇದದಲ್ಲಿ ತುರಿಕೆ ಹೆಚ್ಚಾಗಿ ಕಫದ ಲಕ್ಷಣ. ಜೊತೆಗೆ ವಾತ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಮಂಡಿನೋವು. ಸರಿ, ‘ಗಾಳಿ’ ಅಂತಲೇ ಇಡೋಣ ಅಂದರೆ ‘ಗಾಳಿ ಸೋಕಿದೆ’ ಅನ್ನುವುದು ನಮ್ಮಲ್ಲಿ ದೆವ್ವದ ಮಾತು! ಆದರೂ ನನ್ನ ಓಟು ಗಾಳಿಗೇ. ಯಾಕೆಂದರೆ ಆ ಪದದ ಹಿಂದೆ ದೊಡ್ಡ ಸಂಸಾರವೇ ಇದೆ. ‘ಫಾಂಗ್‌ಫೆಂಗ್’ ಅನ್ನುವ ಬೇರಿನ ಹೆಸರಿಗೆ ‘ಗಾಳಿತಡೆ’ ಅಂತ ಅರ್ಥ. ಚೀನಾದ ವೈದ್ಯ ಚೆನ್ ಶಿಗಾಂಗ್ 1617ರ ತನ್ನ ಪುಸ್ತಕದಲ್ಲಿ ಕೊಟ್ಟ, ತುರಿಕೆಗೆ ಇವತ್ತಿಗೂ ಬಳಸುವ ‘ಶಿಯಾವೊ ಫೆಂಗ್ ಸಾನ್’ ಅಂದರೆ ಗಾಳಿ ಚದುರಿಸುವ ಪುಡಿ. (ಅದಕ್ಕೆ ಜೀರುಂಡೆ ಕಳಚಿಟ್ಟ ಪೊರೆಯೂ ಬೀಳುತ್ತದೆ.) ವಾತ ಅಂದುಬಿಟ್ಟರೆ ಈ ನಂಟೆಲ್ಲ ಹೋಯಿತು, ಅಲ್ವಾ?

ನಿಜವಾದ ತಲೆನೋವು ಮುಂದಿದೆ. ವಯಸ್ಸಾದವರಿಗೆ ಮೈ ಒಣಗಿ, ಹೊಟ್ಟು ಉದುರಿ, ರಾತ್ರಿ ಜಾಸ್ತಿಯಾಗುವ ತುರಿಕೆ ಇರುತ್ತದಲ್ಲ, ಅದಕ್ಕೆ ಅವರು ಹೇಳುವ ಕಾರಣ ‘ಶುಯೆ ಶ್ಯು ಶೆಂಗ್ ಫೆಂಗ್’. ಪದಕ್ಕೆ ಪದ ಇಟ್ಟರೆ ‘ರಕ್ತ ಕಡಿಮೆಯಾಗಿ ಗಾಳಿ ಹುಟ್ಟುವುದು’. ಆದರೆ ರಕ್ತ ಕಡಿಮೆ ಅಂದ ಕೂಡಲೇ ನಾವು ಹಿಮೋಗ್ಲೋಬಿನ್ ಎಷ್ಟು ಅಂತ ಕೇಳುತ್ತೇವೆ. ಇಲ್ಲಿ ಮಾತು ಅದಲ್ಲ. ಚರ್ಮಕ್ಕೆ ಪಸೆ ಕೊಡುವುದು ರಕ್ತ. ಅದು ಸಾಲದಾದರೆ ಕೆರೆಯಂಗಳ ಒಣಗಿ ಧೂಳೆದ್ದ ಹಾಗೆ ಒಳಗೇ ಗಾಳಿ ಏಳುತ್ತದೆ. ಕೆರೆಯ ಹೋಲಿಕೆ ನನ್ನದು, ಅವರದಲ್ಲ. ಇದರ ಜೊತೆಗೊಂದು ಹಳೆಯ ಮಾತಿದೆ: ಗಾಳಿಗಿಂತ ಮೊದಲು ರಕ್ತಕ್ಕೆ ಮದ್ದು ಮಾಡು, ರಕ್ತ ಹರಿದರೆ ಗಾಳಿ ತಾನೇ ಅಡಗುತ್ತದೆ. ‘ರಕ್ತ ಹರಿದರೆ’ ಅಂತ ಬರೆದು ನಾನೇ ಬೆಚ್ಚಿದೆ. ಕನ್ನಡದಲ್ಲಿ ಅದು ಹೊಡೆದಾಟದ ಸುದ್ದಿ! ಸದ್ಯಕ್ಕೆ ‘ರಕ್ತ ಓಡಾಡಿದರೆ’ ಅಂತ ತಿದ್ದಿದ್ದೇನೆ.

ತುರಿಕೆಗೆ ಅವರ ಪದ ‘ಯಾಂಗ್’. ಯಿನ್-ಯಾಂಗ್ ಜೋಡಿಯ ಯಾಂಗ್ ಬೇರೆ, ಅದರ ಅಕ್ಷರವೂ ಬೇರೆ, ಉಚ್ಚಾರಣೆಯಲ್ಲಿ ದನಿಯ ಏರಿಳಿತವೂ ಬೇರೆ. ಇದಕ್ಕೆ ‘ನವೆ’ ಹೊಂದುತ್ತದೆ ಅಂತ ನನಗನಿಸುತ್ತದೆ. ‘ತುರಿಕೆ’ ಅಂದಾಗ ಉಗುರು ಆಗಲೇ ಕೆಲಸ ಶುರು ಮಾಡಿರುತ್ತದೆ. ನವೆ ಬರೀ ಒಳಗಿನ ಅನುಭವ. ‘ತೀಟೆ’ ಅಂದರೆ ತುಂಟಾಟವೂ ಆಗುತ್ತದೆ, ಅದನ್ನು ಬಿಟ್ಟೆ.

ಈಗ ನನ್ನ ಪ್ರಶ್ನೆ. ‘ರಕ್ತ ಬತ್ತಿ ಗಾಳಿ ಏಳುವುದು’ ಅನ್ನಲೋ, ‘ರಕ್ತ ಸೊರಗಿ’ ಅನ್ನಲೋ? ಬತ್ತಿ ಅಂದರೆ ಪೂರ್ತಿ ಖಾಲಿಯಾದ ಹಾಗೆ ಕೇಳುತ್ತದೆ. ಸೊರಗುವುದು ಗಿಡ, ಮನುಷ್ಯ. ರಕ್ತ ಸೊರಗುತ್ತದೆಯೇ? ನಿಮ್ಮ ಊರ ಕಡೆ, ಮನೆಯ ಹಿರಿಯರ ಬಾಯಲ್ಲಿ ಇದಕ್ಕೆ ಹತ್ತಿರದ ಮಾತು ಇದ್ದರೆ ತಿಳಿಸಿ.