ಎರಡಡಿ ಮೀನಿನ ಟ್ಯಾಂಕ್‌ನಲ್ಲಿ ಮಲೆನಾಡಿನ ಹಳ್ಳ: ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಮೀನಿನ ಟ್ಯಾಂಕ್ ಒಳಗೆ ಹಳ್ಳದ ಥರ ಮಾಡೋಣ ಅಂತ ಕಲ್ಲು, ನೀರೊಳಗೆ ಬೆಳೆಯುವ ಗಿಡ ಇಟ್ಟು ಮೂರು ವಾರ ಆಯಿತು. ಕ್ರಿಪ್ಟೋಕೊರೈನ್ ಗಿಡದ ಎಲೆ ಕರಗುತ್ತಿವೆ. ಗಾಜಿನ ತುಂಬ ಪಾಚಿ. ನೋಡಿದರೆ ಪಾರ್ಕ್ ಥರ ಇದೆ, ಹಳ್ಳದ ಥರ ಇಲ್ಲ. ಎಲ್ಲಿ ತಪ್ಪಿದೆ?

ಮೈಸೂರಿನಿಂದ: ದಯವಿಟ್ಟು ಗಿಡ ಕೀಳಬೇಡಿ. ಜಾಗ ಬದಲಾದರೆ ಕ್ರಿಪ್ಟೋಕೊರೈನ್ ಹಳೆ ಎಲೆ ಬಿಡುತ್ತದೆ, ಬೇರು ಬದುಕಿರುತ್ತದೆ. ನಾನು ಸತ್ತೇ ಹೋಯಿತು ಅಂತ ಎಲ್ಲ ಕಿತ್ತುಹಾಕಿದೆ. ಕೈಯಲ್ಲಿ ಹಿಡಿದು ನೋಡಿದರೆ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಚಿಗುರು! ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೊಳೆತ ಎಲೆ ಮಾತ್ರ ಕತ್ತರಿಸಿ. ಅನುಬಿಯಾಸ್, ಜಾವಾ ಫರ್ನ್ ಗಿಡ ಇದ್ದರೆ ಶುಂಠಿಯ ಹಾಗೆ ಅಡ್ಡ ಬೆಳೆಯುವ ಆ ದಪ್ಪ ಕಾಂಡವನ್ನು ಹೂಳಬೇಡಿ, ಕೊಳೆಯುತ್ತದೆ. ದಾರದಲ್ಲಿ ಕಲ್ಲಿಗೆ ಕಟ್ಟಿ.

ಬೆಂಗಳೂರಿನಿಂದ: ಲೈಟ್ ಎಷ್ಟು ಹೊತ್ತು ಉರಿಯುತ್ತದೆ? ಹೊಸ ಟ್ಯಾಂಕ್‌ಗೆ 6 ಗಂಟೆ ಸಾಕು. ಟೈಮರ್ ಹಾಕಿಬಿಡಿ. ಗಿಡ ಕಡಿಮೆ, ಬೆಳಕು ಜಾಸ್ತಿ ಆದರೆ ಪಾಚಿಗೆ ಹಬ್ಬ. ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ. ಬೋರ್‌ವೆಲ್ ನೀರು ಮೊದಲೇ ಗಡಸು, ಆ ಕಲ್ಲು ಅದನ್ನು ಇನ್ನೂ ಗಡಸು ಮಾಡುತ್ತದೆ.

ತೀರ್ಥಹಳ್ಳಿಯಿಂದ: ಪಾರ್ಕ್ ಥರ ಕಾಣುವುದಕ್ಕೆ ಕಾರಣ ಕಲ್ಲು ಕೂತಿರುವ ರೀತಿ ಇರಬೇಕು. ಟ್ಯಾಂಕ್ ಒಳಗೆ ಕಾಡು, ಹಳ್ಳ ಕಟ್ಟುವ ಈ ಕಲೆಗೆ ದಾರಿ ಹಾಕಿದ ಜಪಾನಿನ ತಕಾಶಿ ಅಮಾನೊ ಕಾಡಿನ ಫೋಟೊ ತೆಗೆಯುತ್ತಿದ್ದವರು. ಮೊದಲು ಕಾಡು ನೋಡಿದರು, ಆಮೇಲೆ ಟ್ಯಾಂಕ್. 2015ರಲ್ಲಿ ಲಿಸ್ಬನ್‌ನಲ್ಲಿ ಅವರು ಕಟ್ಟಿದ್ದು 40 ಮೀಟರ್ ಉದ್ದದ ಟ್ಯಾಂಕ್‌ನಲ್ಲಿ ನೀರೊಳಗಿನ ಕಾಡು. ನೀವೂ ಒಮ್ಮೆ ಹಳ್ಳಕ್ಕೆ ಇಳಿದು ನೋಡಿ. ಅಲ್ಲಿ ಯಾವ ಬಂಡೆಯೂ ಸುಮ್ನೆ ಮೇಲೆ ಇಟ್ಟ ಹಾಗಿರುವುದಿಲ್ಲ ಅಲ್ವಾ? ಬುಡ ಹೂತಿರುತ್ತದೆ, ನೀರು ಹರಿಯುವ ಕಡೆಗೆ ವಾಲಿರುತ್ತದೆ, ಅದರ ಮರೆಯಲ್ಲಿ ಸಣ್ಣ ಹರಳು, ಮರಳು ಗುಡ್ಡೆ ಬಿದ್ದಿರುತ್ತದೆ. ಹಾಗೇ ಮಾಡಿ. ಒಂದೇ ಜಾತಿಯ ಕಲ್ಲು, ಮೂರೋ ಐದೋ. ದೊಡ್ಡದು ನಟ್ಟನಡುವೆ ಬೇಡ. ಮಣ್ಣು ಮುಂದೆ 3 ಸೆಂ.ಮೀ., ಹಿಂದೆ 10 ಇರಲಿ. ಆಗಲೇ ಹಳ್ಳ ದೂರದವರೆಗೆ ಹೋದ ಹಾಗೆ ಕಾಣುವುದು. ಒಂದು ಕಡೆ ಬರೀ ಮರಳು ಬಿಡಿ. ನಾನು ಗಿಡ ತುಂಬುವ ಆಸೆಗೆ ಆ ಜಾಗ ಮುಚ್ಚಿಬಿಟ್ಟಿದ್ದೆ, ಹಳ್ಳವೇ ಮಾಯವಾಯಿತು.

ಮೀನಿಗೆ ಅವಸರ ಬೇಡ. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲಿ. ನಮ್ಮ ಘಟ್ಟದ್ದೇ ಅಂತ ಡೆನಿಸನ್ ಬಾರ್ಬ್ ತರಬೇಡಿ. ಅದು 15 ಸೆಂ.ಮೀ. ವರೆಗೆ ಬೆಳೆಯುತ್ತದೆ, ಗುಂಪಿನಲ್ಲಿ ಓಡಾಡುವ ಮೀನು. ಎರಡಡಿ ಸಾಲದು.